ಎರಡು ಸಲ ತಟ್ಟಿದ್ದೆ

ಲಾರಿಯ ಎಡಗಡೆ ಏನಿದೆ ಅಂತ ಡ್ರೈವರಿಗೆ ಕಾಣುವುದಿಲ್ಲ. ಅವನು ಕೂರುವುದು ಬಲಗಡೆ. ಎಡಗಡೆ ನೋಡುವುದಕ್ಕೆ ಕ್ಲೀನರ್ ಬೇಕು. ಕ್ಲೀನರ್ ಅಂದರೆ ಲಾರಿ ತೊಳೆಯುವವನು ಅಂತ ಜನ ತಿಳಿದಿದ್ದಾರೆ. ತೊಳೆಯುವುದು ವಾರಕ್ಕೊಂದು ಸಲ. ಉಳಿದ ದಿನವೆಲ್ಲ ನಾನು ಎಡ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿಕೊಂಡು ಬಾಗಿಲಿನ ತಗಡು ತಟ್ಟುತ್ತಿದ್ದೆ. ಒಂದು ಸಲ ತಟ್ಟಿದರೆ ತಡಿ. ಎರಡು ಸಲ ತಟ್ಟಿದರೆ ಹೋಗು. ಇಷ್ಟೇ ಭಾಷೆ. ಇಂಜಿನ್ ಸದ್ದಿನಲ್ಲಿ ಬಾಯಿಮಾತು ಕೇಳುವುದಿಲ್ಲ.

ಕನಕಪುರ ರಸ್ತೆ ಆಗ ಎಷ್ಟು ಅಗಲ ಅಂದರೆ, ಬಸ್ಸು ಲಾರಿ ಎದುರುಬದುರು ಬಂದರೆ ಎರಡರ ಎಡಚಕ್ರವೂ ಮಣ್ಣಿಗೆ ಇಳಿಯಬೇಕು. ಆ ಮಣ್ಣಿನಲ್ಲೇ ಸೈಕಲ್‌ನವರು ಹೋಗುತ್ತಿದ್ದರು. ಹಾಲಿನವರು, ಸೊಪ್ಪಿನವರು, ಫ್ಯಾಕ್ಟರಿಗೆ ಹೋಗುವವರು. ಸೈಕಲ್ಲನ್ನು ದಾಟುವಾಗ ಎಷ್ಟು ಜಾಗ ಬಿಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗಿಂತ ಮೊದಲಿದ್ದ ಕ್ಲೀನರ್ ಹೇಳಿದ್ದು ಒಂದೇ ಮಾತು.

"ಕೈ ಚಾಚು ಮಗಾ. ಬೆರಳು ಅವನ ಭುಜಕ್ಕೆ ಎಟಕಲ್ಲ ಅಂದ್ರೆ ಎರಡು ತಟ್ಟು."

ಅದೇ ನನ್ನ ಅಳತೆ. ಎರಡು ವರ್ಷ ಅದೇ ಅಳತೆಯಲ್ಲಿ ತಟ್ಟಿದ್ದೆ. ಸೈಕಲ್ಲು ನನ್ನ ಬಾಗಿಲ ಹತ್ತಿರ ಬಂದಾಗ ಕೈ ಚಾಚುವುದು, ಜಾಗ ಇದ್ದರೆ ಎರಡು ತಟ್ಟುವುದು. ಆಮೇಲೆ ತಿರುಗಿ ಹಿಂದಿನ ಚಕ್ರ ದಾಟುವ ತನಕ ನೋಡುವುದು. ಹಿಂದಿನ ಚಕ್ರ ದಾಟಿತು ಅಂದರೆ ಆ ಸೈಕಲ್ಲಿನ ಕಥೆ ನಮಗೆ ಮುಗಿಯಿತು. ಮುಂದಕ್ಕೆ ಮುಖ ತಿರುಗಿಸುತ್ತಿದ್ದೆ.

ಜಲ್ಲಿ, ಮರಳು, ಸೈಜುಗಲ್ಲು ಹೊಡೆಯುವಾಗ ಅದರಲ್ಲಿ ತಪ್ಪು ಬರಲಿಲ್ಲ. ಆ ಲೋಡೆಲ್ಲ ಬಾಡಿಯ ಒಳಗೇ ಇರುತ್ತದೆ.

ಆ ವರ್ಷ ಜೆ.ಪಿ. ನಗರದಲ್ಲಿ ಸಾಲುಸಾಲು ಮನೆ ಏಳುತ್ತಿದ್ದವು. ಸಾರುವೆ ಕಟ್ಟುವುದಕ್ಕೆ, ತಾರಸಿ ಮೋಲ್ಡಿಗೆ ಆಸರೆ ಕೊಡುವುದಕ್ಕೆ ಸರ್ವೆ ಮರದ ಕಂಬ ಎಷ್ಟಿದ್ದರೂ ಸಾಲದು. ನಮ್ಮ ಯಜಮಾನರು ಕೋಣನಕುಂಟೆಯವರು. ಹೊಲ ಮಾರಿ ಲಾರಿ ತೆಗೆದುಕೊಂಡಿದ್ದರು. ಕೋಣನಕುಂಟೆ ಆಚೆ ಒಂದು ತೋಪಿನಿಂದ ಸರ್ವೆ ಕಡಿಸಿ ಜೆ.ಪಿ. ನಗರಕ್ಕೆ ಸಾಗಿಸುವ ಕೆಲಸ ಹಿಡಿದರು. ದಿನಕ್ಕೆ ಮೂರು ಟ್ರಿಪ್ಪು.

ಸರ್ವೆ ಕಂಬ ಲಾರಿಗಿಂತ ಉದ್ದ. ಮುಂದಿನ ತುದಿ ಕ್ಯಾಬಿನ್ನಿನ ಬೆನ್ನಿಗೆ ಒರಗುತ್ತದೆ, ಹಿಂದಿನ ತುದಿ ಬಾಡಿಯಿಂದಾಚೆ ಹತ್ತು ಹನ್ನೆರಡು ಅಡಿ ನೇತಾಡುತ್ತದೆ. ಅದಕ್ಕೆ ನಾವು ಬಾಲ ಅಂತಿದ್ದೆವು. ಹಗ್ಗ ಬಿಗಿದು, ಬಾಲದ ತುದಿಗೆ ಕೆಂಪು ಬಟ್ಟೆ ಕಟ್ಟುವುದು ನನ್ನ ಕೆಲಸ. ಕೆಂಪು ಬಟ್ಟೆ ಹಿಂದೆ ಬರುವವರಿಗೆ. ಪಕ್ಕದಲ್ಲಿ ಹೋಗುವವರಿಗೆ ಅಂತ ನಾವು ಏನೂ ಕಟ್ಟುತ್ತಿರಲಿಲ್ಲ.

ಎರಡನೇ ದಿನವೇ ಡ್ರೈವರಣ್ಣ ಯಜಮಾನರಿಗೆ ಹೇಳಿದ. ನಾನು ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದೆ.

"ಯಜಮಾನ್ರೇ, ಬಾಲ ಜಾಸ್ತಿ ಆಯ್ತು. ತುದಿ ಕಡಿಸಿ, ಇಲ್ಲಾಂದ್ರೆ ಉದ್ದದ್ದನ್ನ ಬೇರೆ ಗಾಡೀಲಿ ಕಳ್ಸಿ."

"ಕಡಿದ ಕಂಬ ಯಾರಪ್ಪ ತಗೋತಾರೆ? ನೀನು ನಿಧಾನಕ್ಕೆ ಓಡ್ಸು."

"ನಿಧಾನಕ್ಕೆ ಓಡ್ಸಿದ್ರೆ ಮೂರು ಟ್ರಿಪ್ಪು ಆಗಲ್ಲ."

"ಹಂಗಾದ್ರೆ ಬೇಗ ಓಡ್ಸು," ಅಂದು ಯಜಮಾನರು ನಕ್ಕರು. ನಾವೂ ನಕ್ಕೆವು. ಆಗ ನಗು ಬಂದಿತ್ತು.

ಒಂಬತ್ತನೇ ದಿನ ಅದು ಆಯಿತು. ಮಧ್ಯಾಹ್ನ ಮೂರರ ಹೊತ್ತು, ಕೊನೆಯ ಟ್ರಿಪ್ಪು. ಸಾರಕ್ಕಿಗೆ ಮುಂಚೆ ರಸ್ತೆ ಬಲಕ್ಕೆ ಬಾಗುವ ಒಂದು ಜಾಗ ಇತ್ತು. ಆ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ಡ್ರೈವರಣ್ಣ ಎಡಕ್ಕೆ ಒತ್ತಿದ. ಎಡಗಡೆ ಮಣ್ಣಿನಲ್ಲಿ ಒಬ್ಬರು ಹಾಲಿನವರು ಸೈಕಲ್ ತುಳಿಯುತ್ತಿದ್ದರು. ಕ್ಯಾರಿಯರಿನ ಎರಡೂ ಕಡೆ ಒಂದೊಂದು ಕ್ಯಾನು. ತಲೆಗೆ ಟವೆಲ್ ಸುತ್ತಿದ್ದರು. ನಾನು ಒಂದು ತಟ್ಟಿದೆ. ಲಾರಿ ನಿಧಾನವಾಯಿತು. ಬಸ್ಸು ಹೋಯಿತು. ಹಾಲಿನವರು ನನ್ನ ಬಾಗಿಲ ನೇರಕ್ಕೆ ಬಂದರು. ಕೈ ಚಾಚಿದೆ. ಬೆರಳಿಗೂ ಅವರ ಭುಜಕ್ಕೂ ನಡುವೆ ಇನ್ನೂ ಒಂದು ಗೇಣು ಇತ್ತು.

ಎರಡು ತಟ್ಟಿದೆ.

ಡ್ರೈವರಣ್ಣ ಆಕ್ಸಿಲೇಟರ್ ತುಳಿದು ತಿರುವಿಗೆ ಬಲಕ್ಕೆ ಎಳೆದ. ನಾನು ಹಿಂದೆ ನೋಡಿದೆ. ಹಿಂದಿನ ಚಕ್ರ ಅವರನ್ನು ದಾಟಿತು. ಜಾಗ ಇನ್ನೂ ಜಾಸ್ತಿಯೇ ಆಗಿತ್ತು. ಮುಖ ಮುಂದಕ್ಕೆ ತಿರುಗಿಸಿದೆ.

ಆಗ ಸದ್ದು ಬಂತು. ದೊಡ್ಡ ಸದ್ದಲ್ಲ. ತೆಂಗಿನಕಾಯಿ ಚೀಲ ಕೆಳಗೆ ಹಾಕಿದ ಹಾಗೆ. ಆಮೇಲೆ ಕ್ಯಾನು ಟಾರಿನ ಮೇಲೆ ಉರುಳುವ ಸದ್ದು. ಅದು ಬಹಳ ಹೊತ್ತು ಉರುಳಿತು. ನಾನು ಒಂದು ತಟ್ಟಿದೆ. ಆಮೇಲೆ ತಟ್ಟುತ್ತಲೇ ಇದ್ದೆ, ಲೆಕ್ಕ ಇಲ್ಲದೆ. ಲಾರಿ ನಿಂತ ಮೇಲೂ ಕೈ ತಟ್ಟುತ್ತಿತ್ತು. ಡ್ರೈವರಣ್ಣ ಬಂದು ಕೈ ಹಿಡಿದುಕೊಂಡ ಮೇಲೆ ನಿಂತಿತು.

ಹಾಲಿನವರು ಚರಂಡಿ ಅಂಚಿನಲ್ಲಿ ಬಿದ್ದಿದ್ದರು. ಕಿವಿಯ ಹಿಂದೆ ರಕ್ತ. ಎಡಗಾಲು ನೋಡುವ ಹಾಗಿರಲಿಲ್ಲ. ಹಾಲು ಮಣ್ಣಿನಲ್ಲಿ ಹರಿದು ಅವರ ಬೆನ್ನಿನ ಕೆಳಗೆ ಹೋಗುತ್ತಿತ್ತು. ಉಸಿರು ಇತ್ತು. ಎಚ್ಚರ ಇರಲಿಲ್ಲ. ಅಲ್ಲಿದ್ದ ಟೀ ಅಂಗಡಿಯವರು ಒಂದು ಆಟೋ ತಡೆದರು. ನಾನೂ ಡ್ರೈವರಣ್ಣನೂ ಎತ್ತಿ ಮಲಗಿಸಿದೆವು. ಟೀ ಅಂಗಡಿಯವರೇ ಆಟೋದಲ್ಲಿ ಆಸ್ಪತ್ರೆಗೆ ಹೋದರು. ನಾನು ರಸ್ತೆಯಲ್ಲೇ ಕೂತೆ.

ಡ್ರೈವರಣ್ಣ ನನ್ನನ್ನು ಕೇಳಿದ.

"ಎರಡು ತಟ್ಟಿದ್ಯಲ್ಲೋ?"

"ಜಾಗ ಇತ್ತಣ್ಣ."

"ಇದ್ರೆ ಹೆಂಗೋ ಬಿದ್ದ?"

ನನಗೆ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ. ಜಾಗ ಇತ್ತು, ಅವರು ಬಿದ್ದಿದ್ದಾರೆ. ಎರಡೂ ನಿಜ. ಎರಡನ್ನೂ ಕೂಡಿಸಿ ನೋಡಿದರೆ ತಲೆ ಕೆಡುತ್ತಿತ್ತು.

ಪೊಲೀಸರು ಲಾರಿಯನ್ನು ಲೋಡಿನ ಸಮೇತ ಸ್ಟೇಷನ್ ಪಕ್ಕದ ಬಯಲಿನಲ್ಲಿ ನಿಲ್ಲಿಸಿಕೊಂಡರು. ಡ್ರೈವರಣ್ಣನ ಲೈಸೆನ್ಸ್ ಕಿತ್ತುಕೊಂಡು ಒಳಗೆ ಕೂರಿಸಿದರು. ಸಂಜೆ ಯಜಮಾನರು ಬಂದು ಜಾಮೀನು ಕೊಟ್ಟು ಬಿಡಿಸಿದರು. ಸಬ್ ಇನ್‌ಸ್ಪೆಕ್ಟರು ನನಗೆ ಹೇಳಿದರು, "ನಾಡಿದ್ದು ಬೆಳಿಗ್ಗೆ ಸ್ಥಳದಲ್ಲಿ ಮಹಜರು. ಗಾಡಿ ಪರೀಕ್ಷೆಗೆ ಬ್ರೇಕ್ ಇನ್‌ಸ್ಪೆಕ್ಟ್ರು ಬರ್ತಾರೆ. ಸೈಕಲ್ ಎಲ್ಲಿತ್ತು ಅಂತ ನೀನೇ ತೋರಿಸ್ಬೇಕು. ನೋಡ್ದೋನು ನೀನೊಬ್ನೇ."

ನಾನೊಬ್ಬನೇ. ಟೀ ಅಂಗಡಿಯವರು ಒಲೆ ಕಡೆ ಮುಖ ಮಾಡಿಕೊಂಡಿದ್ದರಂತೆ. ಸೈಕಲ್ಲನ್ನು ಜನ ಆಗಲೇ ಎತ್ತಿ ಬೇರೆ ಕಡೆ ಇಟ್ಟಿದ್ದರು. ಚೆಲ್ಲಿದ ಹಾಲನ್ನು ನಾಯಿಗಳು ನೆಕ್ಕಿದ್ದವು.

ಸ್ಟೇಷನ್ನಿನಿಂದ ಹೊರಗೆ ಬಂದ ಮೇಲೆ ಯಜಮಾನರು ನನ್ನನ್ನು ಬೇವಿನ ಮರದ ಕೆಳಗೆ ಕರೆದರು. ಡ್ರೈವರಣ್ಣ ದೂರದಲ್ಲಿ ಬೀಡಿ ಸೇದುತ್ತಾ ನಿಂತಿದ್ದ.

"ನೋಡು, ಸೈಕಲ್‌ನೋನು ಟಾರ್ ಮೇಲಿದ್ದ. ನಡು ರಸ್ತೇಲಿ. ವಾಲಾಡ್ಕೊಂಡು ಹೋಗ್ತಿದ್ದ. ಕ್ಯಾನ್ ತೂಕಕ್ಕೆ ಅವನೇ ಬಂದು ಲಾರಿಗೆ ಬಿದ್ದ. ತಿಳೀತಾ?"

"ಮಣ್ಣಲ್ಲಿದ್ರು ಯಜಮಾನ್ರೇ."

"ನೀನು ನೋಡಿದ್ದು ಬೇಡ. ನಾನು ಹೇಳಿದ್ದು ಹೇಳು. ಅವನೇನಾದ್ರೂ ಸತ್ತೋದ್ರೆ ನಿಮ್ಮಣ್ಣ ಜೈಲಿಗೆ ಹೋಗ್ತಾನೆ. ಅವನಿಗೆ ಮೂರು ಮಕ್ಕಳು. ಎರಡು ತಟ್ಟಿದ್ದು ನೀನು. ನಿನ್ನನ್ನೂ ಬಿಡಲ್ಲ."

ಆ ಕೊನೆಯ ಮಾತು ತಲೆಯಿಂದ ಹೋಗಲಿಲ್ಲ. ಲಾಠಿ, ಲಾಕಪ್ಪು, ಅದೇ ಕಣ್ಣ ಮುಂದೆ. ಡ್ರೈವರಣ್ಣ ಮಾತ್ರ ಹಾಗೆ ಹೇಳು, ಹೀಗೆ ಹೇಳು ಅಂತ ಅನ್ನಲಿಲ್ಲ. ಅವನು ಬೈದಿದ್ದರೆ ಒಳ್ಳೆಯದಿತ್ತು.

ಮಾರನೇ ದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಯಾಕೆ ಹೋದೆ ಅಂದರೆ, ಸತ್ತಿದ್ದಾರಾ ಬದುಕಿದ್ದಾರಾ ಅಂತ ನೋಡುವುದಕ್ಕೆ. ಬೇರೆ ಒಳ್ಳೆಯ ಕಾರಣ ಏನೂ ಇರಲಿಲ್ಲ. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ತಲೆಗೆ ಪಟ್ಟಿ, ಕಾಲು ಮೇಲಕ್ಕೆ ಕಟ್ಟಿದ್ದರು. ಕಣ್ಣು ಮುಚ್ಚಿತ್ತು. ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ನಾನು ನಿಂತಿದ್ದು ನೋಡಿ ಎದ್ದು ಬಂದರು.

"ಯಾರಪ್ಪಾ ನೀನು?"

"ದಾರೀಲಿ ಹೋಗ್ತಿದ್ದೆ ಅಕ್ಕ. ಬಿದ್ದಿದ್ದು ನೋಡ್ದೆ."

"ಆಟೋಗೆ ಎತ್ತಿ ಹಾಕಿದ್ರಂತಲ್ಲ, ನೀನೇನಾ?"

ತಲೆ ಅಲ್ಲಾಡಿಸಿದೆ. ಆ ಅಕ್ಕ ನನ್ನ ಕೈ ಹಿಡಿದುಕೊಂಡರು. ತಟ್ಟಿದ ಕೈ ಅದೇ. ಎಳೆದುಕೊಂಡು ಓಡಿ ಹೋಗಬೇಕು ಅನ್ನಿಸಿತು.

"ರಾತ್ರಿ ಒಂದ್ಸಲ ನೀರು ಅಂದ್ರು. ಆಮೇಲೆ ಮಾತಿಲ್ಲ. ವಸಂತಪುರದಿಂದ ಜಯನಗರಕ್ಕೆ ದಿನಾ ಎರಡು ಸಲ ತುಳೀತಾರಪ್ಪ. ಒಂದಿನ ಟಾರ್ ಮೇಲೆ ಹೋದೋರಲ್ಲ. ಮಣ್ಣಲ್ಲೇ ಹೋಗೋದು. ಟಾರ್ ರೋಡು ಲಾರಿಯೋರ್ದು, ನಮ್ಗಲ್ಲ ಅಂತಿದ್ರು. ಈಗ ಯಾರೋ ಬಂದು, ನಿನ್ನ ಗಂಡ ನಡು ರೋಡಲ್ಲಿ ಹೋಗ್ತಿದ್ದ ಅಂತ ಊರಲ್ಲಿ ಹೇಳ್ಕೊಂಡು ತಿರುಗ್ತಾವ್ರಂತೆ. ನೀನು ನೋಡಿದ್ಯಲ್ಲ. ಎಲ್ಲಿದ್ರು ಹೇಳು?"

"ಕೆಲ್ಸ ಇದೆ ಅಕ್ಕ" ಅಂದು ಮೆಟ್ಟಿಲು ಇಳಿದುಬಿಟ್ಟೆ.

ಮಹಜರಿನ ದಿನ ಬೆಳಿಗ್ಗೆ ಎಂಟಕ್ಕೆಲ್ಲ ಆ ತಿರುವಿನಲ್ಲಿ ಸೇರಿದೆವು. ಸಬ್ ಇನ್‌ಸ್ಪೆಕ್ಟರು, ಇಬ್ಬರು ಪೊಲೀಸರು, ಯಜಮಾನರು, ಡ್ರೈವರಣ್ಣ, ಸಾಕ್ಷಿಗೆ ಟೀ ಅಂಗಡಿಯವರು. ಲಾರಿಯನ್ನು ಅದೇ ಲೋಡಿನಲ್ಲಿ ತಂದು ನಿಲ್ಲಿಸಿದ್ದರು. ಬ್ರೇಕ್ ಇನ್‌ಸ್ಪೆಕ್ಟರು ಬಂದರು. ಸಣ್ಣ ಆಳು, ಖಾಕಿ ಪ್ಯಾಂಟು, ಕೈಯಲ್ಲಿ ಟೇಪು. ಅವರು ಮೊದಲು ಲಾರಿಯ ಕೆಳಗೆ ತೂರಿ ನೋಡಿದರು. ಆಮೇಲೆ ತಾವೇ ಓಡಿಸಿ ಬ್ರೇಕ್ ಹಾಕಿ, ಟೈರು ಎಳೆದ ಗುರುತು ಅಳೆದರು. ಬ್ರೇಕು ಸರಿಯಾಗಿತ್ತು. ಸ್ಟಿಯರಿಂಗ್ ಸರಿಯಾಗಿತ್ತು. ಹಾರನ್ ಸರಿಯಾಗಿತ್ತು. ಬರೆದುಕೊಂಡರು.

ಸಬ್ ಇನ್‌ಸ್ಪೆಕ್ಟರು ನನ್ನನ್ನು ಕರೆದರು. ಒಂದು ಕಲ್ಲು ಕೈಗೆ ಕೊಟ್ಟರು. ಮುಷ್ಟಿ ಗಾತ್ರದ ಜಲ್ಲಿಕಲ್ಲು.

"ನೀನು ಕೊನೇಲಿ ನೋಡ್ದಾಗ ಸೈಕಲ್ ಎಲ್ಲಿತ್ತೋ ಅಲ್ಲಿ ಇಡು."

ಟಾರಿನ ಅಂಚಿನಲ್ಲಿ ನಿಂತೆ. ಬಲಕ್ಕೆ ಎರಡು ಹೆಜ್ಜೆ ಹೋದರೆ ಟಾರು. ಅಲ್ಲಿ ಇಟ್ಟರೆ ಯಜಮಾನರ ಮಾತು. ಎಡಕ್ಕೆ ಒಂದು ಹೆಜ್ಜೆ ಹೋದರೆ ಮಣ್ಣು. ಅಲ್ಲಿ ಇಟ್ಟರೆ ಡ್ರೈವರಣ್ಣ ಜೈಲಿಗೆ, ಅವನ ಹಿಂದೆ ನಾನು. ಅಷ್ಟೇ ಅಂತರ. ಮೂರು ಹೆಜ್ಜೆ. ಯಜಮಾನರು ಕೆಮ್ಮಿದರು. ಡ್ರೈವರಣ್ಣನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಅವನ ಮೂರು ಮಕ್ಕಳಲ್ಲಿ ದೊಡ್ಡವಳನ್ನು ನಾನೇ ಎಷ್ಟೋ ಸಲ ಸ್ಕೂಲ್ ತನಕ ಲಾರಿಯಲ್ಲಿ ಕೂರಿಸಿಕೊಂಡು ಹೋಗಿದ್ದೆ.

ಬಲಗಾಲು ಟಾರಿನ ಮೇಲೆ ಇಟ್ಟೆ. ಸುಳ್ಳು ಬರೆಯುವುದಿಲ್ಲ, ಕಲ್ಲನ್ನು ಟಾರಿನ ಮೇಲೆ ಇಡೋಣ ಅಂತಲೇ ಕಾಲು ಎತ್ತಿದ್ದೆ. ಬಗ್ಗಿದೆ. ಬಗ್ಗಿದಾಗ ಮಣ್ಣಿನಲ್ಲಿ ಸೈಕಲ್ ಟೈರುಗಳು ಕೊರೆದ ಗೆರೆ ಕಂಡಿತು. ಒಬ್ಬರದಲ್ಲ, ವರ್ಷಗಟ್ಟಲೆ ಎಲ್ಲ ಸೈಕಲ್‌ನವರೂ ಅದೇ ಜಾಗದಲ್ಲಿ ತುಳಿದು ತುಳಿದು ಒಂದು ಗೇಣಗಲದ ಕಾಲುವೆ ಆಗಿತ್ತು. ಎರಡು ವರ್ಷದಿಂದ ಕಿಟಕಿಯಲ್ಲಿ ನಿಂತು ಆ ಗೆರೆಯನ್ನು ದಿನವೂ ನೋಡಿದ್ದೆ. ಅದು ಅವರ ರಸ್ತೆ. ಯಜಮಾನರ ಮಾತು ನಡೆಸಬೇಕಾದರೆ ಅಲ್ಲಿದ್ದವರನ್ನು ನಾನು ಎತ್ತಿ ಟಾರಿನ ಮೇಲೆ ಇಡಬೇಕಾಗಿತ್ತು.

ಎದ್ದೆ. ಒಂದು ಹೆಜ್ಜೆ ಎಡಕ್ಕೆ ಹೋಗಿ ಕಲ್ಲನ್ನು ಗೆರೆಯೊಳಗೆ ಇಟ್ಟೆ.

"ಇಲ್ಲಿದ್ರು ಸಾರ್. ಮಣ್ಣಲ್ಲಿ."

"ಸರಿಯಾಗಿ ನೋಡ್ಕೊಂಡು ಹೇಳೋ!" ಅಂತ ಯಜಮಾನರು ಕೂಗಿದರು.

"ನೀವು ಸುಮ್ನಿರ್ರಿ," ಅಂದರು ಸಬ್ ಇನ್‌ಸ್ಪೆಕ್ಟರು. ನನ್ನ ಕಡೆ ತಿರುಗಿದರು. "ಲಾರಿಗೂ ಅವನಿಗೂ ಎಷ್ಟು ಜಾಗ ಇತ್ತು?"

ಕೈ ಚಾಚಿ ತೋರಿಸಿದೆ. "ಇಷ್ಟು, ಮೇಲೆ ಒಂದು ಗೇಣು. ನಾನೇ ಎರಡು ತಟ್ಟಿದ್ದು ಸಾರ್. ಅಣ್ಣ ನನ್ನ ಮಾತಿನ ಮೇಲೆ ಹೋದ."

"ಏಯ್, ತಲೆ ಸರಿ ಇದ್ಯಾ ನಿಂಗೆ? ಅಷ್ಟು ಜಾಗ ಇದ್ರೆ ಅವನು ತಾನಾಗೇ ಹಾರಿ ಬಿದ್ನಾ?"

"ಗೊತ್ತಿಲ್ಲ ಸಾರ್."

"ಹೊಡೀಬೇಕಾ?"

"ಗೊತ್ತಿಲ್ಲ ಸಾರ್. ಹಿಂದಿನ ಚಕ್ರ ದಾಟಿದ್ದು ನೋಡಿದ್ದೀನಿ."

ಅವರ ಕೈ ಮೇಲಕ್ಕೆ ಹೋಗಿತ್ತು. ಆಗ ಬ್ರೇಕ್ ಇನ್‌ಸ್ಪೆಕ್ಟರು ಮಾತಾಡಿದರು. ಅಷ್ಟು ಹೊತ್ತೂ ಅವರು ಲಾರಿಯ ಹಿಂದೆ ನಿಂತು ಸರ್ವೆ ಬಾಲವನ್ನು ಟೇಪಿನಲ್ಲಿ ಅಳೆಯುತ್ತಿದ್ದರು.

"ಬಿಡಿ ಸಾರ್, ಹೊಡೆದ್ರೆ ಏನು ಬರುತ್ತೆ. ಲೋಡು ಹಂಗೇ ಇದ್ಯಲ್ಲ. ಓಡ್ಸಿ ನೋಡೋಣ."

ರೇಡಿಯೇಟರಿಗೆ ನೀರು ತುಂಬುವ ನಮ್ಮ ಟಿನ್ನನ್ನು ತರಿಸಿದರು. ಅದಕ್ಕೆ ಮಣ್ಣು ತುಂಬಿಸಿ, ಒಂದು ಬಿದಿರು ಕೋಲು ನೆಟ್ಟು, ನಾನು ಕಲ್ಲು ಇಟ್ಟ ಜಾಗದಲ್ಲಿ ಇರಿಸಿದರು. ಸೈಕಲ್ ಮೇಲೆ ಕೂತವನ ಭುಜ ಎಷ್ಟೆತ್ತರ ಬರುತ್ತದೆ ಅಂತ ಒಬ್ಬ ಪೊಲೀಸನನ್ನು ಸೈಕಲ್ ಮೇಲೆ ಕೂರಿಸಿ ಅಳೆದರು. ಅಷ್ಟೆತ್ತರಕ್ಕೆ ನನ್ನ ಟವೆಲ್ ಕಟ್ಟಿಸಿದರು. ಡ್ರೈವರಣ್ಣನಿಂದ ಎಲ್ಲಿ ಎಡಕ್ಕೆ ಒತ್ತಿದೆ, ಎಲ್ಲಿಂದ ಬಲಕ್ಕೆ ಎಳೆದೆ ಅಂತ ಕೇಳಿ ಟಾರಿನ ಮೇಲೆ ಸುಣ್ಣ ಹಾಕಿಸಿದರು. ಆಮೇಲೆ ತಾವೇ ಸ್ಟಿಯರಿಂಗ್ ಹಿಡಿದರು.

"ಹತ್ತೋ. ಅವತ್ತು ಎಲ್ಲಿ ನಿಂತಿದ್ಯೋ ಅಲ್ಲೇ ನಿಂತ್ಕೋ. ಅವತ್ತು ಹೆಂಗೆ ತಟ್ಟಿದ್ಯೋ ಹಂಗೇ ತಟ್ಟು."

"ನನ್ನ ಕೈಲಾಗಲ್ಲ ಸಾರ್."

"ಕೋಲು ಕಣೋ ಅದು. ಮನುಷ್ಯ ಅಲ್ಲ. ಹತ್ತು."

ಹತ್ತಿದೆ. ಕಿಟಕಿಯಿಂದ ಮೈ ಹೊರಗೆ ಹಾಕಿದೆ. ಲಾರಿ ನಡಿಗೆಯ ವೇಗದಲ್ಲಿ ಹೊರಟಿತು. ಕೋಲು ಹತ್ತಿರ ಬಂತು. ಟವೆಲ್ ಗಾಳಿಗೆ ಅಲ್ಲಾಡುತ್ತಿತ್ತು. ಒಂದು ತಟ್ಟಿದೆ. ನಿಧಾನವಾಯಿತು. ಕೋಲು ನನ್ನ ನೇರಕ್ಕೆ ಬಂತು. ಕೈ ಚಾಚಿದೆ. ಎಟಕಲಿಲ್ಲ. ಒಂದು ಗೇಣು ಜಾಗ ಇತ್ತು. ಈಗ ತಟ್ಟಬೇಕು. ಕೈ ತಗಡಿನ ಮೇಲೆ ಇತ್ತು, ಏಳಲಿಲ್ಲ.

"ತಟ್ಟೋ!" ಅಂದರು ಒಳಗಿನಿಂದ.

ಎರಡು ತಟ್ಟಿದೆ. ಸುಣ್ಣದ ಗುರುತಿನಲ್ಲಿ ಲಾರಿ ಬಲಕ್ಕೆ ತಿರುಗಿತು. ಹಿಂದಿನ ಚಕ್ರ ಕೋಲನ್ನು ದಾಟಿತು. ಜಾಗ ಇತ್ತು. ಅವತ್ತು ಇಲ್ಲಿಗೇ ಮುಖ ತಿರುಗಿಸಿದ್ದೆ. ಈ ಸಲ ತಿರುಗಿಸಲಿಲ್ಲ. ಲಾರಿ ಬಲಕ್ಕೆ ತಿರುಗಿದ ಹಾಗೆಲ್ಲ ಸರ್ವೆ ಬಾಲ ಎಡಕ್ಕೆ ಬೀಸಿಕೊಂಡು ಹೋಯಿತು. ಟಾರು ಬಿಟ್ಟಿತು, ಮಣ್ಣಿನ ಮೇಲೆ ಬಂತು. ನಿಧಾನವಾಗಿ, ಯಾರೋ ಕೈಯಿಂದ ಪಕ್ಕಕ್ಕೆ ಸರಿಸುವ ಹಾಗೆ, ಕೋಲಿಗೆ ಟವೆಲ್ ಕಟ್ಟಿದ್ದ ಜಾಗಕ್ಕೇ ತಾಗಿ ಅದನ್ನು ಮಲಗಿಸಿತು. ಟಿನ್ನು ಮಗುಚಿಕೊಂಡು ಚರಂಡಿ ಕಡೆ ಉರುಳಿತು.

ಡ್ರೈವರಣ್ಣ ರಸ್ತೆ ಪಕ್ಕ ನಿಂತಿದ್ದ. ಹದಿನಾಲ್ಕು ವರ್ಷ ಲಾರಿ ಓಡಿಸಿದವನು ತನ್ನ ಹಿಂದೆ ಏನಾಗುತ್ತದೆ ಅಂತ ಅವತ್ತು ಮೊದಲ ಸಲ ಹೊರಗಿನಿಂದ ನೋಡಿದ. ಹಾಗೇ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ನಡಿಗೆಯ ವೇಗದಲ್ಲಿ ಕೋಲು ಬಿದ್ದಿತ್ತು. ಅವತ್ತು ನಾವು ಆಕ್ಸಿಲೇಟರ್ ತುಳಿದಿದ್ದೆವು.

ನಾನು ಇಳಿದು ಬ್ರೇಕ್ ಇನ್‌ಸ್ಪೆಕ್ಟರನ್ನು ಕೇಳಿದೆ. ಹೆದರಿಕೆಯಲ್ಲೂ ಕೇಳಿಬಿಟ್ಟೆ.

"ಸೈಕಲ್‌ಗೆ ಎಷ್ಟು ಅಡಿ ಬಿಡ್ಬೇಕು ಅಂತ ಸಾರ್ ಕಾನೂನು?"

"ಅಡಿ ಬರ್ದಿಲ್ಲ ಕಣಯ್ಯಾ. ಬೇರೆಯೋರ್ಗೆ ಅಪಾಯ ಆಗೋ ಹಂಗೆ ಓವರ್‌ಟೇಕ್ ಮಾಡ್ಬಾರ್ದು ಅಂತಿದೆ, ಅಷ್ಟೇ. ಅದು ಜಲ್ಲಿ ಲೋಡಿಗೆ ಒಂದು, ಸರ್ವೆ ಲೋಡಿಗೆ ಇನ್ನೊಂದು."

"ಹಂಗಾದ್ರೆ ತಪ್ಪು ನಂದೇ. ನನ್ನ ಮೇಲೆ ಕೇಸ್ ಹಾಕಿ ಸಾರ್."

ಸಬ್ ಇನ್‌ಸ್ಪೆಕ್ಟರು ನಕ್ಕರು. ಕೆಟ್ಟ ನಗು ಅಲ್ಲ. "ಸ್ಟಿಯರಿಂಗ್ ಹಿಡ್ದಿದ್ದು ನೀನಾ? ನಿನ್ನ ತಟ್ಟೋದೆಲ್ಲ ಕಾನೂನಲ್ಲಿ ಇಲ್ಲ ಮಗಾ. ಕೇಸು ಡ್ರೈವರ್ ಮೇಲೆ. ಬಾಲ ಇಷ್ಟುದ್ದ ಬಿಟ್ಟಿದ್ದಕ್ಕೆ ಓನರ್ ಮೇಲೂ ಹಾಕ್ತೀನಿ."

ಎರಡು ದಿನದಿಂದ ಜೈಲಿಗೆ ಹೆದರಿದ್ದೆ. ಈಗ ನನಗೆ ಏನೂ ಇಲ್ಲ ಅಂದರು. ಕೈ ನನ್ನದು, ಕೇಸು ಅಣ್ಣನದು. ಆ ಹೆದರಿಕೆಗಿಂತ ಇದು ಕೆಟ್ಟದಾಗಿತ್ತು.

ಹಾಲಿನವರು ನಾಲ್ಕನೇ ದಿನ ಕಣ್ಣು ಬಿಟ್ಟರು. ಬದುಕಿದರು. ಕಾಲು ಕೂಡಿತು, ಆದರೆ ಸ್ವಲ್ಪ ಕುಂಟು ಉಳಿಯಿತು. ನಾನು ಮತ್ತೆ ಆಸ್ಪತ್ರೆಗೆ ಹೋಗಿ, ತಟ್ಟಿದವನು ನಾನೇ ಅಂತ ಹೇಳಿದೆ. ಅಕ್ಕ ಎದ್ದು ಹೊರಗೆ ಹೋದರು. ಮುಖ ಕೂಡ ನೋಡಲಿಲ್ಲ. ಹಾಲಿನವರು ಮಾತ್ರ ಮಾತಾಡಿದರು.

"ನಿಮ್ಮ ಲಾರಿ ಬಂದಿದ್ದು ಗೊತ್ತಾಯ್ತು ಕಣಪ್ಪ. ಉಸಿರು ಬಿಗಿ ಹಿಡ್ದಿದ್ದೆ. ದಿನಾ ಹಂಗೇನೇ. ಹಿಂದಿನ ಚಕ್ರ ಹೋಯ್ತು. ಸದ್ಯ ಹೋಯ್ತಲ್ಲ ಅಂತ ಉಸಿರು ಬಿಟ್ಟೆ. ಆಮೇಲೆ ಹೊಡೀತು."

ಅವರಿಗೂ ನನಗೂ ಹಿಂದಿನ ಚಕ್ರವೇ ಕೊನೆ ಆಗಿತ್ತು.

ಕೋರ್ಟಿನಲ್ಲಿ ಡ್ರೈವರಣ್ಣ ತಪ್ಪು ಒಪ್ಪಿಕೊಂಡ. ಜೈಲಿಗೆ ಹಾಕಲಿಲ್ಲ. ಲೈಸೆನ್ಸ್ ಮಾತ್ರ ಕೆಲವು ತಿಂಗಳು ಇಟ್ಟುಕೊಂಡರು. ಯಜಮಾನರು ನಮ್ಮಿಬ್ಬರನ್ನೂ ಕೆಲಸದಿಂದ ತೆಗೆದುಹಾಕಿದರು. ನಾನು ಬನಶಂಕರಿಯಲ್ಲಿ ಒಂದು ಪಂಕ್ಚರ್ ಅಂಗಡಿ ಸೇರಿದೆ. ನೆಲದ ಮೇಲೆ ಕೂತು ಮಾಡುವ ಕೆಲಸ. ಲಾರಿ ಪಕ್ಕದಲ್ಲಿ ಹೋದರೆ ಗೋಡೆಗೆ ಒತ್ತಿಕೊಳ್ಳುತ್ತಿದ್ದೆ. ಅಂಗಡಿಯವರು ಆಡಿಕೊಳ್ಳುತ್ತಿದ್ದರು.

ಒಂದು ದಿನ ಡ್ರೈವರಣ್ಣ ಬಂದು ಎದುರಿಗೆ ನಿಂತ. ತೆಳ್ಳಗಾಗಿದ್ದ.

"ಬೇರೆ ಯಜಮಾನ್ರ ಹತ್ರ ಗಾಡಿ ಸಿಕ್ಕಿದೆ. ಎದ್ದೇಳು."

"ನಾನು ಬರಲ್ಲಣ್ಣ. ಹೆದರಿಕೆ ಆಗುತ್ತೆ."

"ನಂಗೇನು ಆಗಲ್ವಾ? ಹೆದರಿಕೆ ಇಲ್ದೋನನ್ನ ಎಡಗಡೆ ನಿಲ್ಸಿಕೊಂಡು ನಾನು ಹೆಂಗೋ ಓಡ್ಸಲಿ?" ಅಲ್ಲಿದ್ದ ಟೈರನ್ನು ಒಂದು ಸಲ ಒದ್ದ. "ಆ ಕಲ್ಲನ್ನ ಟಾರ್ ಮೇಲೆ ಇಟ್ಟಿದ್ರೆ ನಾನು ಇಷ್ಟು ದಿನ ಮನೇಲಿ ಕೂರ್ತಿರ್ಲಿಲ್ಲ. ಬೈದಿದ್ದೀನಿ ನಿನ್ನ, ಮನೇಲಿ ದಿನಾ ಬೈದಿದ್ದೀನಿ. ಬಾ ಈಗ."

ಲೋಡು ಮತ್ತೆ ಸರ್ವೆ. ನಾನು ಒಂದು ಷರತ್ತು ಹಾಕಿದೆ. ರಸ್ತೆಗೆ ಇಳಿಯುವ ಮೊದಲು ತೋಪಿನ ಪಕ್ಕದ ಬಯಲಿನಲ್ಲಿ ಲೋಡಿನ ಸಮೇತ ಲಾರಿಯನ್ನು ತಿರುಗಿಸಿದೆವು. ನಾನು ಬಾಲದ ಹಿಂದೆ ನಡೆಯುತ್ತಾ, ಅದು ಬೀಸಿದ ಜಾಗಕ್ಕೆಲ್ಲ ಸುಣ್ಣ ಹಾಕಿದೆ. ಚಕ್ರದ ಗುರುತಿನಿಂದ ಸುಣ್ಣದ ತನಕ ಹೆಜ್ಜೆ ಹಾಕಿ ಅಳೆದೆ. ಕೈಯಳತೆ ಏನೂ ಸಾಲದು. ದೊಡ್ಡ ಹೆಜ್ಜೆ ಮೂರು. ಅಣ್ಣ ಇಳಿದು ಬಂದು ತಾನೂ ಹೆಜ್ಜೆ ಹಾಕಿ ನೋಡಿದ. ಮೂರೇ.

ಕನಕಪುರ ರಸ್ತೆಗೆ ಬಂದೆವು. ಕೋಣನಕುಂಟೆ ದಾಟಿದ ಮೇಲೆ ಮುಂದೆ ಒಂದು ಸೈಕಲ್ಲು. ಗಂಡ ತುಳಿಯುತ್ತಿದ್ದ, ಹೆಂಡತಿ ಕ್ಯಾರಿಯರ್ ಮೇಲೆ ಪಕ್ಕಕ್ಕೆ ಕೂತು ಮಡಿಲಲ್ಲಿ ಒಂದು ಪಾತ್ರೆ ಹಿಡಿದಿದ್ದಳು. ಎದುರಿನಿಂದ ಒಂದರ ಹಿಂದೆ ಒಂದು ಬಸ್ಸು, ಲಾರಿ, ಎತ್ತಿನ ಗಾಡಿ. ಬಲಗಡೆ ಖಾಲಿ ಸಿಕ್ಕಿದರೂ ಮೂರು ಹೆಜ್ಜೆ ಎಲ್ಲಿಂದ ತರುವುದು?

ಒಂದು ತಟ್ಟಿದೆ. ಅಣ್ಣ ಗೇರು ಇಳಿಸಿದ. ಸೈಕಲ್ಲಿನ ಹಿಂದೆ ಸೈಕಲ್ಲಿನ ವೇಗದಲ್ಲೇ ಹೊರಟೆವು. ಒಂದು ಫರ್ಲಾಂಗು ಆಯಿತು, ಎರಡಾಯಿತು. ನಮ್ಮ ಹಿಂದೆ ಸಾಲು ಬೆಳೆಯಿತು. ಹಾರನ್ನೋ ಹಾರನ್ನು. ಒಬ್ಬ ಸ್ಕೂಟರಿನವನು ಪಕ್ಕಕ್ಕೆ ಬಂದು, "ಏನ್ ಗುರೂ, ದಿಬ್ಬಣಾನಾ?" ಅಂದು ಹೋದ. ಕ್ಯಾರಿಯರ್ ಮೇಲಿನ ಹೆಂಗಸು ತಿರುಗಿ ತಿರುಗಿ ನೋಡುತ್ತಿದ್ದಳು. ಇಷ್ಟು ದೊಡ್ಡ ಲಾರಿ ದಾಟದೆ ಯಾಕೆ ಹಿಂದೆಯೇ ಬರುತ್ತಿದೆ ಅಂತ ಅವಳಿಗೂ ಹೆದರಿಕೆ ಆಗಿರಬೇಕು. ಗಂಡನ ಬೆನ್ನಿಗೆ ಅಂಟಿಕೊಂಡಳು.

ಅದೇ ತಿರುವು ಬಂತು. ಟೀ ಅಂಗಡಿಯವರು ಹೊರಗೆ ಬಂದು ನಿಂತು ನೋಡಿದರು. ನನ್ನ ಕೈ ತಗಡಿನ ಮೇಲೆಯೇ ಇತ್ತು. ತಟ್ಟಲಿಲ್ಲ. ಅಣ್ಣ ಒಂದು ಸಲವೂ ತಟ್ಟು ಅನ್ನಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಎರಡೂ ಕೈ ಸ್ಟಿಯರಿಂಗ್ ಮೇಲೆ, ಕಿವಿ ಮಾತ್ರ ಈ ಕಡೆ.

ತಿರುವು ದಾಟಿದ ಮೇಲೆ ಸೈಕಲ್ಲು ಎಡಕ್ಕೆ ಒಂದು ಮಣ್ಣಿನ ದಾರಿಗೆ ಇಳಿಯಿತು. ಗಂಡ ಒಂದು ಕಾಲು ಊರಿ ನಿಂತ. ನಾವು ನಿಧಾನಕ್ಕೆ ಮುಂದೆ ಹೋದೆವು. ಬಾಗಿಲು ಅವರನ್ನು ದಾಟಿತು. ಹಿಂದಿನ ಚಕ್ರ ದಾಟಿತು. ಕತ್ತು ನೋಯುವ ಹಾಗೆ ಹಿಂದೆ ತಿರುಗಿ, ಬಾಲದ ತುದಿಯ ಕೆಂಪು ಬಟ್ಟೆಯೂ ಅವರಿಬ್ಬರನ್ನು ದಾಟುವ ತನಕ ನೋಡಿದೆ.

ಆಮೇಲೆ ಎರಡು ತಟ್ಟಿದೆ.